ಗುಳ್ಳೆ ಇರುವ ಲಿವರ್ ನಾಯಿಗೆ ಎಸೆಯಬೇಡಿ

ಶಿರಾ, ಪಾವಗಡ ಕಡೆ ಬಾಡೂಟಕ್ಕೆ ಕುರಿ ಕೊಯ್ದಾಗ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ಬಿಳಿ ಗುಳ್ಳೆಗಳು ಸಿಗುವುದುಂಟು. ಒಳಗೆ ತಿಳಿನೀರು. ಕೊಯ್ಯುವವರು ಆ ಭಾಗ ಕತ್ತರಿಸಿ, ಅಲ್ಲೇ ಕಾದು ಕೂತ ನಾಯಿಗೆ ಎಸೆದುಬಿಡುತ್ತಾರೆ. ಪಶುವೈದ್ಯನಾದ ನನಗೆ ಜಾಸ್ತಿ ಚಿಂತೆ ಆಗುವುದು ಇದನ್ನು ನೋಡಿದಾಗಲೇ.

ಆ ಗುಳ್ಳೆಯೊಳಗೆ ಲಾಡಿಹುಳದ ಮರಿಗಳಿರುತ್ತವೆ. ಇದಕ್ಕೆ ಹೈಡಾಟಿಡ್ ಗುಳ್ಳೆ ಎನ್ನುತ್ತೇವೆ. ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಅವು ಆರೇಳು ವಾರಕ್ಕೆ ಬೆಳೆದು ಮೊಟ್ಟೆ ಬಿಡಲು ಶುರು ಮಾಡುತ್ತವೆ. ಬೆಳೆದ ಹುಳದ ಉದ್ದ ಹೆಚ್ಚೆಂದರೆ 7 ಮಿಲಿಮೀಟರ್. ಹೊಟ್ಟೆಯಲ್ಲಿ ಸಾವಿರಾರು ಹುಳ ಇದ್ದರೂ ನಾಯಿ ಗಟ್ಟಿಮುಟ್ಟಾಗಿಯೇ ಓಡಾಡುತ್ತದೆ. ‘ನಮ್ ನಾಯಿ ಚೆನ್ನಾಗೇ ಐತಲ್ಲ ಸಾರ್’ ಅಂತ ಕುರಿಗಾಹಿಗಳು ಹೇಳುವುದು ಸುಳ್ಳೇನಲ್ಲ. ಆದರೆ ಅದರ ಮಲದಲ್ಲಿ ಕಣ್ಣಿಗೆ ಕಾಣದ ಮೊಟ್ಟೆಗಳಿರುತ್ತವೆ, ಮೈಕೂದಲಿಗೂ ಅಂಟಿರುತ್ತವೆ. ಮೇಯುವ ಕುರಿಗೆ ಅವು ಹುಲ್ಲಿನ ಜೊತೆ ಸೇರುತ್ತವೆ. ನಮಗೆ ತೊಳೆಯದ ಕೈ, ತೊಳೆಯದ ಸೊಪ್ಪಿನಿಂದ.

ಮಟನ್ ತಿಂದರೆ ಈ ರೋಗ ಬರುತ್ತದೆ ಅಂತ ಕೆಲವರು ಹೆದರುತ್ತಾರೆ. ಹಾಗಿಲ್ಲ. ಮನುಷ್ಯರಿಗೆ ಬರುವುದು ನಾಯಿ ಮಲದ ಮೊಟ್ಟೆಯಿಂದ. ಮಾಂಸವನ್ನೇ ಮುಟ್ಟದವರಿಗೂ ಬರಬಹುದು.

ನಮ್ಮೊಳಗೆ ಗುಳ್ಳೆ ಏಳುವುದು ಹೆಚ್ಚಾಗಿ ಲಿವರ್‌ನಲ್ಲಿ, ಆಮೇಲೆ ಶ್ವಾಸಕೋಶದಲ್ಲಿ. ವರ್ಷಗಟ್ಟಲೆ ನೋವಿಲ್ಲದೆ ಬೆಳೆಯುತ್ತದೆ. ಚಿಕ್ಕಂದಿನಲ್ಲಿ ತಗುಲಿದ್ದು ನಡುವಯಸ್ಸಿನಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಗೊತ್ತಾಗಬಹುದು. ಒಡೆದರೆ ತೀವ್ರ ಅಲರ್ಜಿಯಾಗಿ ಜೀವಕ್ಕೇ ಅಪಾಯ. ಎಷ್ಟೋ ಸಲ ಆಪರೇಷನ್ನೇ ಬೇಕಾಗುತ್ತದೆ.

ನಾಯಿಗೆ ಹುಳದ ಔಷಧಿ ಹಾಕಿಸಿದ್ದೇವೆ ಅನ್ನುವವರು ಯಾವ ಔಷಧಿ ಅಂತ ಒಮ್ಮೆ ನೋಡಿ. ಮರಿಗಳಿಗೆ ಕುಡಿಸುವ ಪೈರಾಂಟೆಲ್ ಸಿರಪ್ ದುಂಡುಹುಳಕ್ಕೆ ಸರಿ, ಈ ಲಾಡಿಹುಳಕ್ಕೆ ನಾಟುವುದಿಲ್ಲ. ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯೇ ಬೇಕು. ಸಾಮಾನ್ಯವಾಗಿ ನಾಯಿಯ ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ. ಕುರಿ ಕಾಯುವ ನಾಯಿಗೆ ಆರು ವಾರಕ್ಕೊಮ್ಮೆ ಕೊಟ್ಟರೆ ಒಳ್ಳೆಯದು. ಅದು ಹುಳ ಕೊಲ್ಲುತ್ತದೆ, ಮೊಟ್ಟೆ ಕೊಲ್ಲುವುದಿಲ್ಲ. ಅದಕ್ಕೇ ಮಾತ್ರೆ ಕೊಟ್ಟ ಮೇಲೆ ಎರಡು ದಿನ ನಾಯಿ ಕಟ್ಟಿಹಾಕಿ, ಮಲವನ್ನು ಆಳಕ್ಕೆ ಹೂಳಿ ಅಥವಾ ಸುಡಿ.

ಸಾಕುನಾಯಿಗೆ ಮಾತ್ರೆ ಕೊಡಬಹುದು, ಬೀದಿನಾಯಿಗೆ ಯಾರು ಕೊಡುತ್ತಾರೆ? ಹಾಗಾಗಿ ಕೊಯ್ಯುವ ಜಾಗದಲ್ಲೇ ಎಚ್ಚರ ಬೇಕು. ಗುಳ್ಳೆಯ ತುಂಡನ್ನು ಸುಡಿ. ಹೂಳುವುದಾದರೆ ನಾಯಿ ಕೆದಕದಷ್ಟು ಆಳದ ಗುಂಡಿ ತೋಡಿ, ಮೇಲೆ ಕಲ್ಲು ಹೇರಿ. ರೊಪ್ಪದಲ್ಲಿ ನಾಯಿ ಜೊತೆ ಆಡುವ ಮಕ್ಕಳ ಕೈಯನ್ನು ಊಟಕ್ಕೆ ಮೊದಲು ಸೋಪು ಹಚ್ಚಿ ತೊಳೆಸಿ. ಸ್ಯಾನಿಟೈಜರ್‌ಗೆ ಈ ಮೊಟ್ಟೆ ಸಾಯುವುದಿಲ್ಲ.