ಓದಿದ್ದೆಲ್ಲ ಪರೀಕ್ಷೆಯ ಹೊತ್ತಿಗೆ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಓದುವಾಗ ಎಲ್ಲಾ ಗೊತ್ತಿದೆ ಅನಿಸುತ್ತದೆ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಎದೆ ಡವಡವ, ತಲೆ ಖಾಲಿ. ನನಗೆ ಆತ್ಮವಿಶ್ವಾಸ ಕಡಿಮೆಯಾ?

ಉತ್ತರ: ಹೊರಗೆ ಬಂದ ಹತ್ತು ನಿಮಿಷಕ್ಕೆ ಅದೇ ಉತ್ತರ ತಾನಾಗಿ ನೆನಪಾಗುತ್ತದೆ, ಅಲ್ವಾ? ಅಂದರೆ ಓದಿದ್ದು ಎಲ್ಲೂ ಹೋಗಿರಲಿಲ್ಲ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಏರಿ ಎದೆ ಜೋರಾಗಿ ಬಡಿಯುತ್ತದೆ. ಮನಸ್ಸು ಒಂದು ಹೊತ್ತಿಗೆ ಕೆಲವೇ ವಿಷಯಗಳನ್ನು ಹಿಡಿದಿಟ್ಟುಕೊಳ್ಳಬಲ್ಲದು. ‘ಫೇಲಾದರೆ ಏನು ಗತಿ’ ಎಂಬ ಯೋಚನೆಯೇ ಅಲ್ಲಿ ತುಂಬಿಕೊಂಡರೆ ಉತ್ತರಕ್ಕೆ ಜಾಗ ಎಲ್ಲಿದೆ?

ಆದರೆ ಎಲ್ಲವನ್ನೂ ಭಯದ ತಲೆಗೇ ಕಟ್ಟಬೇಡಿ. ನಾನು ಪಾಠ ಹೇಳಿಕೊಡುತ್ತಿದ್ದ ಹುಡುಗಿಯೊಬ್ಬಳ ಪುಸ್ತಕದಲ್ಲಿ ಪುಟಪುಟಕ್ಕೂ ಹಳದಿ ಗೆರೆ. ಒಂದು ಪಾಠವನ್ನು ಐದು ಸಲ ಓದಿದ್ದಳು. ಪುಸ್ತಕ ಮುಚ್ಚಿಟ್ಟು ‘ಈಗ ಹೇಳಮ್ಮ’ ಅಂದೆ. ಎರಡು ವಾಕ್ಯ ಹೇಳಿ ನಿಂತಳು. ನೋಟವೆಲ್ಲ ಪುಸ್ತಕದ ರಟ್ಟಿನ ಮೇಲೆ. ಪಾಠದ ಪರಿಚಯ ಅವಳಿಗೆ ಚೆನ್ನಾಗಿಯೇ ಇತ್ತು. ನೆನಪಿನಿಂದ ತೆಗೆದು ಹೇಳುವ ರೂಢಿ ಇರಲಿಲ್ಲ. ಪರೀಕ್ಷೆಯಲ್ಲಿ ಬೇಕಾಗುವುದು ಅದೇ.

2006ರಲ್ಲಿ ಅಮೆರಿಕದ ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕಿ ಇದನ್ನು ವಿದ್ಯಾರ್ಥಿಗಳ ಜೊತೆ ಪ್ರಯೋಗ ಮಾಡಿ ನೋಡಿದರು. ಐದು ನಿಮಿಷದ ನಂತರ ಕೇಳಿದಾಗ, ಓದಿದ್ದನ್ನೇ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ನೋಡದೆ ನೆನಪಿಸಿಕೊಂಡು ಬರೆದವರು ಅವರನ್ನು ಹಿಂದೆ ಹಾಕಿದ್ದರು.

ಇವತ್ತೇ ಶುರು ಮಾಡಿ. ಒಂದು ಚಿಕ್ಕ ಪಾಠ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಾದಷ್ಟು ಬರೆಯಿರಿ. ಮೊದಲ ಸಲ ಅರ್ಧ ಹಾಳೆಯೂ ತುಂಬದಿರಬಹುದು. ಬೇಜಾರು ಬೇಡ, ಬಿಟ್ಟುಹೋದದ್ದನ್ನು ಪುಸ್ತಕ ನೋಡಿ ಸೇರಿಸಿ. ನಾಲ್ಕು ದಿನ ಬಿಟ್ಟು ಮತ್ತೆ ಬರೆಯಿರಿ. ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು, ಮಧ್ಯೆ ಏಳದೆ ಬರೆಯಿರಿ. ಆ ಹುಡುಗಿ ಮೂರನೇ ವಾರ ತನ್ನ ಹಾಳೆ ನೋಡಿಕೊಂಡು ‘ಇಷ್ಟೆಲ್ಲಾ ನಾನೇ ಬರೆದೆನಾ?’ ಎಂದು ಕೇಳಿದಳು. ಅವಳ ದನಿಯಲ್ಲಿ ಆವತ್ತು ಇದ್ದದ್ದು ಆತ್ಮವಿಶ್ವಾಸವೇ. ಬೇರೆಯವರು ‘ನಿನ್ನ ಕೈಲಿ ಆಗುತ್ತೆ’ ಎಂದು ಹುರಿದುಂಬಿಸುವುದಕ್ಕಿಂತ ತಾನೇ ಮಾಡಿ ಗೆದ್ದ ಅನುಭವಕ್ಕೆ ಬಲ ಜಾಸ್ತಿ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಬರೆದಿದ್ದರು. ಅಪ್ಪ ಅಮ್ಮಂದಿರೇ, ‘ಹೆದರಬೇಡ’ ಎಂದು ಸುಮ್ನೆ ಹೇಳುವ ಬದಲು, ಪುಸ್ತಕ ನಿಮ್ಮ ಕೈಲಿ ಹಿಡಿದು ಮಗು ಹೇಳುವುದನ್ನು ಕೇಳಿಸಿಕೊಳ್ಳಿ.

ಪರೀಕ್ಷೆಯ ನಡುವೆ ತಲೆ ಖಾಲಿಯಾದರೆ ಪೆನ್ನು ಕೆಳಗಿಡಿ. ಉಸಿರನ್ನು ನಿಧಾನವಾಗಿ, ಎಳೆದುಕೊಂಡದ್ದಕ್ಕಿಂತ ಉದ್ದವಾಗಿ ಬಿಡಿ. ಉಸಿರು ಬಿಡುವಾಗ ಎದೆಬಡಿತ ಇಳಿಯುತ್ತದೆ. ಐದಾರು ಸಲ ಸಾಕು. ಆಮೇಲೆ ತೀರಾ ಸುಲಭ ಅನಿಸಿದ ಪ್ರಶ್ನೆಗೆ ಕೈ ಹಾಕಿ.

ವಾರಗಟ್ಟಲೆ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಶಾಲೆ ಎಂದರೆ ಹೊಟ್ಟೆ ತೊಳಸುತ್ತಿದ್ದರೆ ಇಷ್ಟರಿಂದ ಆಗುವುದಿಲ್ಲ. ನಾಚಿಕೆ ಬೇಡ, ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಬೇಗ ಕಾಣಿ.