ಪ್ರಾಡಕ್ಟ್ ಮಾಡೆಲ್‌ಗೆ ಹೊಸ ಫೀಲ್ಡ್ ಬೇಕಾದರೆ ಆಸ್ಕರ್‌ನ ಮೂಲ ಕೋಡನ್ನೇ ತಿದ್ದಬೇಕೇ?

ಪ್ರಶ್ನೆ: ಇಳಕಲ್‌ನ ನಮ್ಮ ಸೀರೆ ಅಂಗಡಿಗೆ ಜಾಂಗೋ ಆಸ್ಕರ್ (ಪೈಥಾನಿನ ಜಾಂಗೋ ಮೇಲೆ ನಡೆಯುವ ಸಿದ್ಧ ಮಳಿಗೆ ತಂತ್ರಾಂಶ) ಬಳಸಿ ಆನ್‌ಲೈನ್ ಮಳಿಗೆ ಕಟ್ಟುತ್ತಿದ್ದೇನೆ ಸರ್. ಪ್ರತಿಯೊಂದು ಮಾಲಿಗೂ ‘ನೇಯ್ದ ಊರು’ ಎಂಬ ಫೀಲ್ಡ್ ಬೇಕು. ಪ್ರಾಡಕ್ಟ್ ಮಾಡೆಲ್, ಅಂದರೆ ಮಾಲಿನ ವಿವರಗಳನ್ನು ಡೇಟಾಬೇಸಿನ ಟೇಬಲಿಗೆ ಜೋಡಿಸುವ ಕೋಡು, ಇರುವ ಫೈಲನ್ನು ತೆರೆದು ಒಂದು ಸಾಲು ಸೇರಿಸಿದರೆ ಸಾಕಲ್ಲವೇ?

ಸಾಲದು, ಹಾಗೆ ಮಾಡಲೂಬಾರದು. ಬಾಗಲಕೋಟೆಯಲ್ಲಿ ನನ್ನ ಬಳಿ ಕಲಿಯುವ ಹುಡುಗರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ‘ಓಪನ್ ಸೋರ್ಸ್ ಅಂದ ಮೇಲೆ ತಿದ್ದಬಹುದಲ್ಲ’ ಎಂಬ ಮಾತು ಪ್ರತಿ ತಂಡದಲ್ಲೂ ಏಳುತ್ತದೆ. ತಿದ್ದಲು ಅನುಮತಿ ಖಂಡಿತ ಇದೆ, ಆಸ್ಕರ್ ಬಿಎಸ್‌ಡಿ ಎಂಬ ಮುಕ್ತ ಪರವಾನಗಿಯಡಿ ಬರುತ್ತದೆ. ಆದರೆ ನೀವು ತೆರೆದ ಆ ಫೈಲು ನಿಮ್ಮ ಪ್ರಾಜೆಕ್ಟಿನದಲ್ಲ. ಪೈಥಾನ್ ಪ್ಯಾಕೇಜುಗಳನ್ನು ತಂದು ಹಾಕುವ ಪಿಪ್ ಎಂಬ ಸಾಧನ ಇಳಿಸಿಕೊಂಡು ಸೈಟ್-ಪ್ಯಾಕೇಜಸ್ ಫೋಲ್ಡರಿನಲ್ಲಿ ಇಟ್ಟಿರುವ ಪ್ರತಿ. ನಿಮ್ಮ ಕೋಡಿನ ಬದಲಾವಣೆಗಳನ್ನು ಕಾಯ್ದಿಡುವ ಗಿಟ್‌ನಲ್ಲಿ ಅದರ ದಾಖಲೆಯೇ ಇರುವುದಿಲ್ಲ.

ಮೊದಲ ದಿನ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ, ಈ ತಪ್ಪು ನಂಬಿಕೆ ಗಟ್ಟಿಯಾಗುವುದೂ ಅಲ್ಲಿಯೇ. ಡೇಟಾಬೇಸಿನ ಟೇಬಲನ್ನು ಬದಲಿಸುವ ಮೈಗ್ರೇಶನ್ ಫೈಲೂ ಅದೇ ಸೈಟ್-ಪ್ಯಾಕೇಜಸ್ ಒಳಗೆ ಹುಟ್ಟುತ್ತದೆ. ಮುಂದೆ ಆಸ್ಕರ್‌ನ ಹೊಸ ಆವೃತ್ತಿ ಹಾಕಿದ ದಿನ ನಿಮ್ಮ ಸಾಲು ಅಳಿಸಿಹೋಗುತ್ತದೆ, ಡೇಟಾಬೇಸಿನ ಕಾಲಂ ಮಾತ್ರ ಉಳಿಯುತ್ತದೆ. ಹೀಗೆ ಮಾಡಿಕೊಂಡಿದ್ದ ಹುಡುಗನೊಬ್ಬ ದೀಪಾವಳಿ ವ್ಯಾಪಾರದ ಹೊತ್ತಿನಲ್ಲಿ ಫೋನ್ ಮಾಡಿ, ‘ಸರ್, ಹಳೇ ಸೀರಿ ಎಲ್ಲಾ ಕಾಣ್ತಾವು, ಹೊಸಾದು ಒಂದೂ ಸೇರವಲ್ದು’ ಎಂದ. ಜಾಂಗೋ ಸಾಮಾನ್ಯವಾಗಿ ಡಿಫಾಲ್ಟನ್ನು, ಅಂದರೆ ಏನೂ ಕೊಡದಿದ್ದಾಗ ತುಂಬುವ ಬೆಲೆಯನ್ನು, ಕೋಡಿನಲ್ಲೇ ಇಟ್ಟುಕೊಳ್ಳುತ್ತದೆ, ಡೇಟಾಬೇಸಿಗೆ ಒಪ್ಪಿಸುವುದಿಲ್ಲ. ಕೋಡಿನಿಂದ ಫೀಲ್ಡ್ ಮಾಯವಾಗಿದ್ದರಿಂದ, ಖಾಲಿ ಬಿಡುವಂತಿಲ್ಲದ ಆ ಕಾಲಮಿಗೆ ಏನೂ ಬಾರದೆ, ಅವನ ಡೇಟಾಬೇಸಾದ ಪೋಸ್ಟ್‌ಗ್ರೆಸ್ ಪ್ರತಿ ಹೊಸ ಸೀರೆಯನ್ನೂ ತಿರಸ್ಕರಿಸುತ್ತಿತ್ತು. ನೇಯ್ದ ಊರು ಅಂಗಡಿಯವರಿಗೆ ಎಷ್ಟು ಮುಖ್ಯ ಎಂಬುದು ಗೊತ್ತಿದ್ದರಿಂದಲೇ ಆ ದಿನ ನನಗೆ ಬಹಳ ಬೇಸರವಾಯಿತು.

ಸರಿಯಾದ ದಾರಿ ಇದಕ್ಕಿಂತ ಕಷ್ಟದ್ದೇನೂ ಅಲ್ಲ. ‘ಆಸ್ಕರ್ ಫೋರ್ಕ್ ಆ್ಯಪ್’ (oscar_fork_app) ಕಮಾಂಡಿನಿಂದ, ಪ್ರಾಡಕ್ಟ್ ಮಾಡೆಲ್ ಇರುವ ಕ್ಯಾಟಲಾಗ್ ಆ್ಯಪನ್ನು ನಿಮ್ಮ ಪ್ರಾಜೆಕ್ಟಿಗೆ ಫೋರ್ಕ್ ಮಾಡಿಕೊಳ್ಳಿ, ಅಂದರೆ ಅದರ ನಿಮ್ಮದೇ ಕವಲನ್ನು ಮಾಡಿಕೊಳ್ಳಿ. ಫೋರ್ಕ್ ಎಂದೊಡನೆ ಇಡೀ ಆಸ್ಕರ್ ನಕಲಾಗುತ್ತದೆ ಎಂದು ಹೆದರಬೇಡಿ. ಕೆಲವು ಸಣ್ಣ ಫೈಲುಗಳೂ ಮೈಗ್ರೇಶನ್‌ಗಳ ಪ್ರತಿಯೂ ಬರುತ್ತವೆ, ಅಷ್ಟೇ. ಸೆಟ್ಟಿಂಗ್ಸ್ ಫೈಲಿನ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯಲ್ಲಿ ಆಸ್ಕರ್‌ನ ಕ್ಯಾಟಲಾಗನ್ನು ತೆಗೆದು ಅದೇ ಜಾಗದಲ್ಲಿ ನಿಮ್ಮದನ್ನು ಇಡಿ. ಎರಡನ್ನೂ ಉಳಿಸಿಕೊಂಡರೆ ಒಂದೇ ಹೆಸರಿನ ಎರಡು ಆ್ಯಪ್ ಇವೆ ಎಂದು ಜಾಂಗೋ ಏಳುವುದೇ ಇಲ್ಲ. ಬಳಿಕ ಮಾಡೆಲ್ಸ್ ಫೈಲಿನಲ್ಲಿ ಆಸ್ಕರ್ ಕೊಡುವ ಅಬ್‌ಸ್ಟ್ರ್ಯಾಕ್ಟ್ ಪ್ರಾಡಕ್ಟ್ ಎಂಬ ಮೂಲ ಕ್ಲಾಸಿನಿಂದ ‘ಪ್ರಾಡಕ್ಟ್’ ಎಂಬ ನಿಮ್ಮ ಪೈಥಾನ್ ಕ್ಲಾಸನ್ನು ಹುಟ್ಟಿಸಿ ಫೀಲ್ಡ್ ಬರೆಯಿರಿ. ಆಸ್ಕರ್‌ನ ಮಾಡೆಲ್‌ಗಳನ್ನು ಇಂಪೋರ್ಟ್ ಮಾಡುವ ಸಾಲು ಕಡ್ಡಾಯವಾಗಿ ಅದರ ಕೆಳಗಿರಲಿ. ಪ್ರಾಡಕ್ಟ್ ಎಂಬ ಮಾಡೆಲ್ ಈಗಾಗಲೇ ನೋಂದಣಿಯಾಗಿದೆಯೇ ಎಂದು ಆಸ್ಕರ್ ತಾನೇ ನೋಡಿಕೊಳ್ಳುತ್ತದೆ, ಆಗಿದ್ದರೆ ತನ್ನದನ್ನು ಬಿಟ್ಟುಕೊಡುತ್ತದೆ. ಆ ಸಾಲು ಮೇಲಿದ್ದರೆ ಆಸ್ಕರ್‌ನದೇ ಮೊದಲು ಕೂತು, ನಿಮ್ಮದರ ಜೊತೆ ಸಂಘರ್ಷವಾಗುತ್ತದೆ. ಆ್ಯಪಿನ ಲೇಬಲ್ ಬದಲಾಗದ ಕಾರಣ ಟೇಬಲ್ ಹಳೆಯದೇ, ತುಂಬಿಸಿದ ಸೀರೆಗಳೂ ಹಾಗೆಯೇ ಇರುತ್ತವೆ. ಅಂಗಡಿಯವರು ಮಾಲು ತುಂಬಿಸುವ ಡ್ಯಾಶ್‌ಬೋರ್ಡಿನ ಫಾರ್ಮಿನಲ್ಲಿ ಹೊಸ ಫೀಲ್ಡ್ ತಾನಾಗಿ ಕಾಣುವುದಿಲ್ಲ. ಅದಕ್ಕೆ ಡ್ಯಾಶ್‌ಬೋರ್ಡಿನ ಕ್ಯಾಟಲಾಗ್ ಆ್ಯಪನ್ನೂ ಫೋರ್ಕ್ ಮಾಡಿ ಫಾರ್ಮನ್ನು ವಿಸ್ತರಿಸಬೇಕು.

ನೀವು ಕೇಳಲಿಲ್ಲ, ಆದರೆ ಮುಂದಿನ ವಾರ ಸೀರೆಯ ಅಂಚಿಗೂ, ಅಂದರೆ ದಡಿಗೂ, ಹೀಗೇ ಒಂದು ಕಾಲಂ ಸೇರಿಸಲು ಕೂರುತ್ತೀರಿ ಎಂಬುದು ನನಗೆ ಗೊತ್ತು. ಅದು ಬೇಡ. ಊರು ಪ್ರತಿ ಮಾಲಿಗೂ ಇರುತ್ತದೆ, ಆದ್ದರಿಂದ ಅದು ಕಾಲಮಾಗಲು ತಕ್ಕದ್ದು. ಚಿಕ್ಕಿ, ಗೋಮಿ, ಗಾಡಿ ಎಂಬ ದಡಿಯ ಭೇದ ಸೀರೆಗೆ ಬೇಕು, ಅದೇ ಅಂಗಡಿಯಲ್ಲಿ ಮಾರುವ ಗುಳೇದಗುಡ್ಡದ ಖಣಕ್ಕೆ (ರವಿಕೆ ಬಟ್ಟೆಗೆ) ಬೇಕಿಲ್ಲ. ಇಂಥದ್ದಕ್ಕೆಂದೇ ಆಸ್ಕರ್‌ನಲ್ಲಿ ಪ್ರಾಡಕ್ಟ್ ಕ್ಲಾಸ್ (ಮಾಲಿನ ಬಗೆ, ಮೇಲಿನ ಪೈಥಾನ್ ಕ್ಲಾಸಲ್ಲ) ಮತ್ತು ಆಟ್ರಿಬ್ಯೂಟ್ (ಆ ಬಗೆಗೆ ಸೇರಿದ ಗುಣ) ಇವೆ. ಡ್ಯಾಶ್‌ಬೋರ್ಡಿನಲ್ಲಿ ‘ಸೀರೆ’ ಎಂಬ ಪ್ರಾಡಕ್ಟ್ ಕ್ಲಾಸ್ ಮಾಡಿ, ಅದಕ್ಕೆ ಆಯ್ಕೆಪಟ್ಟಿಯ ಬಗೆಯ ‘ದಡಿ’ ಎಂಬ ಆಟ್ರಿಬ್ಯೂಟ್ ಕೊಡಿ. ಅದಕ್ಕೆ ಮೈಗ್ರೇಶನ್ನೂ ಬೇಡ, ಕೋಡೂ ಬೇಡ, ನಾಳೆ ಇನ್ನೊಂದು ದಡಿ ಬಂದರೆ ಅಂಗಡಿಯಲ್ಲಿ ಕೂತವರೇ ಅದನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ.