ಕಲ್ಲಿದ್ದಲು ಊರಿನ ಹಿತ್ತಾಳೆ ಬ್ಯಾಂಡು

1992ರ ಅಕ್ಟೋಬರ್ 13ರಂದು ಬ್ರಿಟನ್ ಸರ್ಕಾರ 31 ಕಲ್ಲಿದ್ದಲು ಗಣಿಗಳಿಗೆ ಬೀಗ ಹಾಕುವುದಾಗಿ ಘೋಷಿಸಿತು. ಆ ಪಟ್ಟಿಯಲ್ಲಿ ಯಾರ್ಕ್‌ಷೈರಿನ ಗ್ರೈಮ್‌ಥಾರ್ಪ್ ಎಂಬ ಸಣ್ಣ ಊರಿನ ಗಣಿಯೂ ಇತ್ತು. ನಾಲ್ಕೇ ದಿನಕ್ಕೆ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಹಿತ್ತಾಳೆ ಬ್ಯಾಂಡುಗಳ ರಾಷ್ಟ್ರೀಯ ಸ್ಪರ್ಧೆಯಲ್ಲಿ ಅದೇ ಗಣಿಯ ಬ್ಯಾಂಡು ಮೊದಲ ಬಹುಮಾನ ಹೊಡೆಯಿತು.

ನಮ್ಮಲ್ಲಿ ಬ್ಯಾಂಡ್‌ಸೆಟ್ ಎಂದರೆ ಮದುವೆಗೆ, ಗಣಪತಿ ಮೆರವಣಿಗೆಗೆ ಮುಂಗಡ ಕೊಟ್ಟು ಕರೆಸುವವರು. ನುಡಿಸಿದವರು ಯಾರು, ಊಟ ಮಾಡಿದರೋ ಇಲ್ಲವೋ ಎಂದು ಕೇಳುವವರೂ ಕಡಿಮೆ. ಉತ್ತರ ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಹಗಲು ಗಣಿಗಿಳಿದವನೇ ಸಂಜೆ ಕಾರ್ನೆಟ್ ಎಂಬ ಸಣ್ಣ ಕಹಳೆ ಹಿಡಿಯುತ್ತಿದ್ದ. ಬ್ಯಾಂಡು ಊರಿನ ಮಾನದ ಪ್ರಶ್ನೆಯಾಗಿತ್ತು.

ಇದು ಸಾಧ್ಯವಾದದ್ದು 19ನೇ ಶತಮಾನದ ಆರಂಭದಲ್ಲಿ ಬಂದ ವಾಲ್ವ್‌ನಿಂದ, ಅಂದರೆ ಬೆರಳಲ್ಲಿ ಒತ್ತಿದರೆ ಕೊಳವೆಯೊಳಗೆ ಗಾಳಿಯ ದಾರಿ ಬದಲಿಸುವ ಗುಂಡಿಯಿಂದ. ಅದಕ್ಕೆ ಮೊದಲು ಕಹಳೆಯಲ್ಲಿ ಹೊರಡುತ್ತಿದ್ದದ್ದು ಕೆಲವೇ ಸ್ವರಗಳು. ಮೂರು ವಾಲ್ವ್ ಕೂಡಿಸಿದ ಮೇಲೆ ಮೂರು ಬೆರಳಲ್ಲಿ ಎಲ್ಲ ಸ್ವರಗಳೂ ಸಿಕ್ಕವು. ಗುದ್ದಲಿ ಹಿಡಿದು ಒರಟಾದ ಕೈಗೆ ಪಿಟೀಲಿಗಿಂತ ಇದು ಒಗ್ಗುವ ವಾದ್ಯ. ಇನ್ನೊಂದು ಜಾಣತನವೂ ಇದೆ: ಕಾರ್ನೆಟ್‌ನಿಂದ ದೊಡ್ಡ ಬಾಸ್‌ವರೆಗೆ ಬಹುತೇಕ ವಾದ್ಯಗಳಿಗೆ ಸ್ವರಲಿಪಿ ಬರೆಯುವ ಕ್ರಮವೂ ಬೆರಳಿಡುವ ಕ್ರಮವೂ ಒಂದೇ. ಬಾಸ್ ನುಡಿಸುವವನಿಗೆ ಕಾಯಿಲೆಯಾದರೆ ಹಾರ್ನ್ ನುಡಿಸುವವನು ಆ ಜಾಗದಲ್ಲಿ ಕೂರಬಹುದು. ನಮ್ಮ ಬ್ಯಾಂಡ್‌ಸೆಟ್‌ನ ಜೀವವಾದ ಕ್ಲಾರಿನೆಟ್‌ಗೆ ಮಾತ್ರ ಅಲ್ಲಿ ಜಾಗವಿಲ್ಲ.

1853ರಲ್ಲಿ ಮ್ಯಾಂಚೆಸ್ಟರಿನ ಬೆಲ್‌ವ್ಯೂನಲ್ಲಿ ಸ್ಪರ್ಧೆ ಶುರುವಾಯಿತು. ಪಕ್ಷಪಾತ ಬೇಡವೆಂದು ತೀರ್ಪುಗಾರರನ್ನು ಮುಚ್ಚಿದ ಡೇರೆಯೊಳಗೆ ಕೂರಿಸುವ ಪದ್ಧತಿ ಈ ಸ್ಪರ್ಧೆಗಳಲ್ಲಿ ಬೇರೂರಿತು. ಯಾರು ನುಡಿಸುತ್ತಿದ್ದಾರೆಂದು ಅವರಿಗೆ ಕಾಣುವುದೇ ಇಲ್ಲ.

ಗಿರಣಿ, ಗಣಿ ಮಾಲೀಕರು ವಾದ್ಯಕ್ಕೆ ದುಡ್ಡು ಕೊಟ್ಟದ್ದು ಬರೀ ಸಂಗೀತಪ್ರೇಮದಿಂದಲ್ಲ. ಕೂಲಿಕಾರ ಹೆಂಡದಂಗಡಿಗೂ ಸಂಘಟನೆಗೂ ದೂರವಿರಲಿ ಎಂಬ ಲೆಕ್ಕಾಚಾರವೂ ಇತ್ತು. ಆ ಲೆಕ್ಕ ತಪ್ಪಿತು. 1871ರಿಂದ ನಡೆದುಬಂದ ಡರ್ಹಮ್ ಗಣಿಗಾರರ ಜಾತ್ರೆಯಲ್ಲಿ ಕಾರ್ಮಿಕ ಸಂಘದ ಬ್ಯಾನರಿನ ಮುಂದೆ ನಡೆಯುವುದು ಈ ಬ್ಯಾಂಡುಗಳೇ. ಆ ವರ್ಷ ಗಣಿಯಲ್ಲಿ ಸಾವಾಗಿದ್ದರೆ ಬ್ಯಾನರಿಗೆ ಕಪ್ಪು ಬಟ್ಟೆ ಹೊದಿಸುತ್ತಿದ್ದರು. ಗಣಿಗಾರರು ಒಂದು ವರ್ಷದ ಮುಷ್ಕರದಲ್ಲಿ ಸೋತು 1985ರ ಮಾರ್ಚ್‌ನಲ್ಲಿ ಕೆಲಸಕ್ಕೆ ಮರಳಿದಾಗಲೂ ಹಲವು ಊರುಗಳವರು ತಲೆ ತಗ್ಗಿಸಲಿಲ್ಲ. ಬ್ಯಾಂಡಿನ ಹಿಂದೆ ಸಾಲಾಗಿ ನಡೆದರು.

ಗ್ರೈಮ್‌ಥಾರ್ಪ್ ಬ್ಯಾಂಡು ಹುಟ್ಟಿದ್ದು 1917ರಲ್ಲಿ, ಗಣಿಯವರ ಬಿಡುವಿನ ಹವ್ಯಾಸವಾಗಿ. ವಾದ್ಯವೃಂದ ನಿರ್ದೇಶಕ ಎಲ್ಗರ್ ಹೊವಾರ್ತ್ ಕೈಗೆ ಬಂದ ಮೇಲೆ ಅದರ ದಾರಿಯೇ ಬೇರೆಯಾಯಿತು. ಹ್ಯಾರಿಸನ್ ಬರ್ಟ್‌ವಿಸಲ್‌ರಂಥ ಕಠಿಣ ಆಧುನಿಕ ಸಂಯೋಜಕ 1973ರಲ್ಲಿ ಇವರಿಗೆಂದೇ ಕೃತಿ ಬರೆದರು. ಮರುವರ್ಷ ಬ್ಯಾಂಡಿನವರು ಬಿಬಿಸಿಯ ಪ್ರಾಮ್ಸ್ ಎಂಬ ಹೆಸರಾಂತ ಶಾಸ್ತ್ರೀಯ ಸಂಗೀತ ಉತ್ಸವದಲ್ಲಿ ನುಡಿಸಿದರು. ಸಂಗೀತ ಕಚೇರಿಯ ಗಾಂಭೀರ್ಯ ಹಿತ್ತಾಳೆ ಬ್ಯಾಂಡಿಗೆಲ್ಲಿಂದ ಬರಬೇಕು ಎಂದು ಮೂಗು ಮುರಿಯುತ್ತಿದ್ದವರಿಗೆ ಅದೇ ಉತ್ತರ.

1993ರ ಮೇ ತಿಂಗಳಲ್ಲಿ ಗಣಿ ಮುಚ್ಚಿತು. ಊರು ಬಡವಾಯಿತು. 1996ರಲ್ಲಿ ಈ ಕಥೆಯ ನೆರಳಲ್ಲೇ ‘ಬ್ರಾಸ್ಡ್ ಆಫ್’ ಸಿನಿಮಾ ಬಂತು. ತೆರೆಯ ಹಿಂದೆ ನುಡಿಸಿದವರು ಈ ಬ್ಯಾಂಡಿನವರೇ. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲೂ ಇದ್ದರು.

ಬ್ರಿಟನ್ನಿನ ಕೊನೆಯ ಆಳದ ಕಲ್ಲಿದ್ದಲು ಗಣಿ 2015ರ ಡಿಸೆಂಬರ್‌ನಲ್ಲಿ ಮುಚ್ಚಿದೆ. ಈಗಿನ ವಾದಕರಾರೂ ಗಣಿಗಿಳಿಯುವವರಲ್ಲ. ಬ್ಯಾಂಡಿನ ಹೆಸರು ಮಾತ್ರ ಇಂದಿಗೂ ‘ಗ್ರೈಮ್‌ಥಾರ್ಪ್ ಕಾಲಿಯರಿ ಬ್ಯಾಂಡ್’. ಕಾಲಿಯರಿ ಎಂದರೆ ಕಲ್ಲಿದ್ದಲು ಗಣಿ.